ಬಡವರ ಮನೆಯ ಜಮಾ-ಖರ್ಚು

ಹೋದ ತಿಂಗಳು ಕ್ಯಾಂಟೀನಿನಲ್ಲಿ ಒಂದು ವಾದ ನಡೆಯಿತು. ವಿಷಯ ಬಡತನ. ನಮ್ಮ ತರಗತಿಯ ಗೆಳೆಯನೊಬ್ಬ, ಒಳ್ಳೆಯ ಹುಡುಗ, ಯಾರಿಗೂ ಕೆಟ್ಟದ್ದು ಬಯಸುವವನಲ್ಲ, ಟೀ ಲೋಟ ಕೆಳಗಿಟ್ಟು ಹೇಳಿದ: "ಉಪ್ಪಲ್ ಚೌರಸ್ತಾದಿಂದ ಒಳಗೆ ಹೋಗಿ ನೋಡು. ತಗಡಿನ ಮನೆ, ಒಳಗೆ ಟಿ.ವಿ. ಊಟಕ್ಕೆ ಇಲ್ಲ, ಟಿ.ವಿ.ಗೆ ಇದೆ. ಇವರಿಗೆ ಲೆಕ್ಕ ಬರೋದಿಲ್ಲ. ಅದಕ್ಕೇ ಬಡವರು." ಉಳಿದವರು ತಲೆಯಾಡಿಸಿದರು. ನಾನೂ ಸುಮ್ಮನಿದ್ದೆ. ಕಾರಣ ಇಷ್ಟೇ, ನಮ್ಮ ಮನೆಯದೂ ತಗಡಿನ ಮಾಡು, ನಮ್ಮ ಮನೆಯಲ್ಲೂ ಟಿ.ವಿ. ಇದೆ. ಆವತ್ತು ಬಾಯಿಗೆ ಬಾರದ ಉತ್ತರವನ್ನು ಈಗ ಬರೆಯುತ್ತಿದ್ದೇನೆ. ಉದ್ದವಾದರೆ ಓದುಗ ಮಿತ್ರರು ಕ್ಷಮಿಸಬೇಕು.

ನಾನು ಹತ್ತನೆಯ ತರಗತಿಯವರೆಗೆ ಯಾದಗಿರಿ ಜಿಲ್ಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವನು. ಅಪ್ಪ ಅದಕ್ಕೂ ಮುಂಚೆಯೇ ಗಾರೆ ಕೆಲಸಕ್ಕೆಂದು ಹೈದರಾಬಾದಿಗೆ ಬಂದಿದ್ದ. ಆಮೇಲೆ ಅವ್ವ, ನಾನು, ತಂಗಿ ಬಂದು ಉಪ್ಪಲ್‌ನಲ್ಲಿ ನಿಂತೆವು. ಇಂಟರಿನಲ್ಲಿ ಅರ್ಥಶಾಸ್ತ್ರ ಇಂಗ್ಲಿಷಿನಲ್ಲಿ ಎದುರಾದಾಗ ಅರ್ಧ ತಿಳಿಯಲಿಲ್ಲ. ಊರಿನ ಗೆಳೆಯನಿಂದ ಪಿ.ಯು.ಸಿ. ಪುಸ್ತಕ ತರಿಸಿಕೊಂಡು, ಯುಟಿಲಿಟಿ ಅಂದರೆ ತುಷ್ಟಿಗುಣ, ಕನ್ಸ್ಯೂಮರ್ ಅಂದರೆ ಅನುಭೋಗಿ ಎಂದು ಒಂದೊಂದಾಗಿ ಜೋಡಿಸಿಕೊಂಡೆ. ಹಾಗಾಗಿ ಈ ವಿಷಯವನ್ನು ಕನ್ನಡದಲ್ಲಿ ಬರೆಯುವುದರಿಂದ ಮೊದಲ ಲಾಭ ನನಗೇ.

ಕಾಮರ್ಸ್ ಓದುವವರಿಗೆಲ್ಲ ಈ ಅನುಭೋಗಿಯ ಪರಿಚಯವಿದೆ. ಅವನಿಗೊಂದು ನಿಶ್ಚಿತ ಆದಾಯ. ಎದುರಿಗೆ ಎರಡು ಸರಕು, ಸೇಬು ಮತ್ತು ಕಿತ್ತಳೆ. (ಎಲ್ಲ ಪುಸ್ತಕದಲ್ಲೂ ಸೇಬು-ಕಿತ್ತಳೆಯೇ ಯಾಕೋ, ಜೋಳ-ತೊಗರಿ ಆದರೆ ಏನು ತೊಂದರೆ ಎಂದು ನನಗೆ ಇನ್ನೂ ತಿಳಿದಿಲ್ಲ.) ಆದಾಯದಿಂದ ಒಂದು ಬಜೆಟ್ ರೇಖೆ, ಆಸೆಯಿಂದ ಒಂದು ಔದಾಸೀನ್ಯ ವಕ್ರರೇಖೆ. ಎರಡೂ ಎಲ್ಲಿ ಮುಟ್ಟುತ್ತವೋ ಅಲ್ಲಿ ಅವನಿಗೆ ಸಮಾಧಾನ. ನಮ್ಮ ಹಿರಿಯರು ಇದನ್ನೇ ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು. ಚಿತ್ರದಲ್ಲಿ ತಪ್ಪೇನಿಲ್ಲ. ಆದರೆ ನಮ್ಮ ಮನೆಯಲ್ಲಿ ಹಾಸಿಗೆಯೇ ಒಂದೊಂದು ತಿಂಗಳು ಒಂದೊಂದು ಉದ್ದ.

ಇದನ್ನು ಬಾಯಿಮಾತಲ್ಲಿ ಹೇಳಿದರೆ ಸಾಲದೆಂದು ಹೋದ ಮಳೆಗಾಲದಲ್ಲಿ ಒಂದು ನೋಟ್‌ಬುಕ್ ಹಿಡಿದೆ. ಅಪ್ಪ ಬೆಳಿಗ್ಗೆ ಅಡ್ಡಾದಲ್ಲಿ ನಿಲ್ಲುತ್ತಾನೆ. ಅಡ್ಡಾ ಅಂದರೆ ಕೂಲಿಯವರು ನಿಂತು ಕಾಯುವ ಜಾಗ. ಮೇಸ್ತ್ರಿ ಬಂದು ಕರೆದರೆ ಕೆಲಸ, ಕರೆಯದಿದ್ದರೆ ಹತ್ತು ಗಂಟೆಗೆ ಬುತ್ತಿ ಸಮೇತ ವಾಪಸ್ಸು. ಕೂಲಿ ದಿನಕ್ಕೆ 900 ರೂಪಾಯಿ. ಜೂನ್‌ನಿಂದ ನವೆಂಬರ್‌ವರೆಗೆ ಕೆಲಸ ಸಿಕ್ಕ ದಿನಗಳು ಹೀಗಿವೆ: 16, 9, 13, 17, 22, 26. ಒಟ್ಟು 103 ದಿನ. ಆರು ತಿಂಗಳಿಗೆ ಹಂಚಿದರೆ ತಿಂಗಳಿಗೆ 15,450 ರೂಪಾಯಿ ಬರುತ್ತದೆ. ಸರ್ಕಾರದ ಯಾವ ಅರ್ಜಿಯಲ್ಲಾದರೂ ನಾವು ಬರೆಯುವ ಆದಾಯ ಇಂಥದ್ದೇ. ಆದರೆ ಆ 15,450 ರೂಪಾಯಿ ಬಂದ ತಿಂಗಳು ಒಂದೂ ಇಲ್ಲ! ಜುಲೈನಲ್ಲಿ ಬಂದದ್ದು 8,100, ನವೆಂಬರ್‌ನಲ್ಲಿ 23,400. ಮನೆ ಬಾಡಿಗೆ ಮಾತ್ರ ಜುಲೈಗೂ ಅಷ್ಟೇ, ನವೆಂಬರ್‌ಗೂ ಅಷ್ಟೇ. ಹೊಟ್ಟೆಯೂ ಹಾಗೇ.

ಬಡತನ ಅಂದರೆ ಕಡಿಮೆ ಆದಾಯ ಎಂದು ನಾವು ಪರೀಕ್ಷೆಯಲ್ಲಿ ಬರೆಯುತ್ತೇವೆ. ಅದು ಅರ್ಧ ಮಾತ್ರ. ಕಡಿಮೆ ಎಂಬುದರ ಜೊತೆಗೆ, ಯಾವಾಗ ಬರುತ್ತದೋ ಗೊತ್ತಿಲ್ಲ ಎಂಬುದು ಇನ್ನರ್ಧ. ಬಡವರ ಮನೆಯ ವಿಚಿತ್ರವೆನಿಸುವ ಎಷ್ಟೋ ನಿರ್ಧಾರಗಳು ಈ ಎರಡನೆಯ ಅರ್ಧದಿಂದ ಹುಟ್ಟುತ್ತವೆ ಎಂಬುದೇ ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವ ಮಾತು.

ಮೊದಲು ಉಳಿತಾಯ ನೋಡೋಣ. ಬಡವರು ಉಳಿಸುವುದಿಲ್ಲ ಎಂಬುದು ಕ್ಯಾಂಟೀನಿನ ಇನ್ನೊಂದು ತೀರ್ಪು. ಭಾರತ, ಬಾಂಗ್ಲಾದೇಶ, ದಕ್ಷಿಣ ಆಫ್ರಿಕಾಗಳಲ್ಲಿ ಸುಮಾರು 250 ಬಡ ಮನೆಗಳಿಗೆ ಒಂದು ವರ್ಷ ಕಾಲ ಹದಿನೈದು ದಿನಕ್ಕೊಮ್ಮೆ ಹೋಗಿ, ಪೈಸೆ ಪೈಸೆಯ ದಿನಚರಿ ಬರೆದುಕೊಂಡು ನಾಲ್ವರು ಸಂಶೋಧಕರು 2009ರಲ್ಲಿ ಒಂದು ಪುಸ್ತಕ ತಂದರು. ಅದರಲ್ಲಿ ತಿಳಿದದ್ದು ತಲೆಕೆಳಗು. ಕೈಯಲ್ಲಿ ಹಣ ಕಡಿಮೆ ಇದ್ದಷ್ಟೂ ಅದನ್ನು ಹೆಚ್ಚು ಓಡಾಡಿಸಬೇಕು. ಒಬ್ಬರಿಂದ ಕೈಗಡ, ಇನ್ನೊಬ್ಬರ ಬಳಿ ಇಟ್ಟ ಗಂಟು, ಚೀಟಿ, ಅಂಗಡಿ ಉದ್ರಿ, ಹೀಗೆ ಒಂದೊಂದು ಮನೆಯೂ ಹಲವು ಕೈಗಳಲ್ಲಿ ವ್ಯವಹಾರ ನಡೆಸುತ್ತದೆ. ನಮ್ಮ ಅವ್ವನ ತಲೆಯಲ್ಲಿರುವ ಖಾತೆಗಳನ್ನು ಎಣಿಸಿದೆ, ಏಳು ಆದವು. ನಮ್ಮ ಅಕೌಂಟೆನ್ಸಿ ಪರೀಕ್ಷೆಯಲ್ಲಿ ಅಷ್ಟು ಖಾತೆಗಳಿಗೆ ಪೂರ್ತಿ ಅಂಕದ ಪ್ರಶ್ನೆಯೇ ಬೇಕು.

ಇನ್ನೂ ಸೋಜಿಗದ ಲೆಕ್ಕ ವಿಜಯವಾಡದ್ದು. ಆ ನಾಲ್ವರಲ್ಲಿ ಒಬ್ಬರಾದ ಸ್ಟುವರ್ಟ್ ರದರ್‌ಫೋರ್ಡ್ ಅಲ್ಲಿನ ಕೊಳೆಗೇರಿಗಳಲ್ಲಿ ಮನೆ ಮನೆಗೆ ಹೋಗಿ ಉಳಿತಾಯ ವಸೂಲಿ ಮಾಡುವ ಹೆಂಗಸಿನ ಬಗ್ಗೆ ಬರೆದಿದ್ದಾರೆ. 220 ಚೌಕಗಳ ಒಂದು ಕಾರ್ಡು. ಒಂದೊಂದು ಚೌಕಕ್ಕೂ ಉದಾಹರಣೆಗೆ 5 ರೂಪಾಯಿ. ಕಾರ್ಡು ತುಂಬಿದಾಗ ಕೊಟ್ಟದ್ದು 1,100 ರೂಪಾಯಿ, ಕೈಗೆ ಬರುವುದು 1,000. ನೂರು ರೂಪಾಯಿ ಆಕೆಯ ಕೂಲಿ. ಅಂದರೆ ಉಳಿಸಿದವರಿಗೆ ಬಡ್ಡಿ ಸಿಗುವುದಿಲ್ಲ, ಅವರೇ ಬಡ್ಡಿ ಕೊಡುತ್ತಾರೆ. ನಾವು ಕಾಮರ್ಸಿನವರಲ್ಲವೇ, ಲೆಕ್ಕ ಹಾಕಿ ನೋಡಿ. ಆಕೆಯ ಬಳಿ ಇರುವ ಹಣ ಸೊನ್ನೆಯಿಂದ 1,100ರವರೆಗೆ ಏರುತ್ತದೆ, ಸರಾಸರಿ 550. ಅದರ ಮೇಲೆ 220 ದಿನಕ್ಕೆ 100 ರೂಪಾಯಿ ಎಂದರೆ ವರ್ಷಕ್ಕೆ ಸುಮಾರು ನೂರಕ್ಕೆ ಮೂವತ್ತು ನಷ್ಟ.

ಇದನ್ನು ಅವ್ವನಿಗೆ ಹೇಳಿ, ಹುಚ್ಚರಲ್ಲವೇ ಅಂದೆ. ಅವಳು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತದೆ ಅಂದಳು: "ನೂರು ಹೋಗಿ ಸಾವಿರ ಉಳೀತಲ್ಲೊ. ಮನ್ಯಾಗ ಇಟ್ಟಿದ್ರ ಸಾವಿರಾನೂ ಹೋಗ್ತಿತ್ತು. ರೊಕ್ಕ ಕೈಯಾಗ ಇದ್ರ ಯಾರರ ಕೇಳ್ತಾರ, ಇಲ್ಲ ಅನ್ನಾಕ ಆಗಂಗಿಲ್ಲ." ಹಣ ಇರುವುದು ಗೊತ್ತಿದ್ದೂ ಪಕ್ಕದ ಮನೆಯ ಕೂಸಿನ ಜ್ವರಕ್ಕೆ ಇಲ್ಲ ಎಂದರೆ, ನಾಳೆ ನಮ್ಮ ಕೂಸಿಗೆ ಜ್ವರ ಬಂದಾಗ ಯಾರ ಬಾಗಿಲು ತಟ್ಟಬೇಕು? ಹೀಗಾಗಿ ಹಣವನ್ನು ತನ್ನ ಕೈಗೇ ಸಿಗದಂತೆ ದೂರ ಇಡುವುದೂ ಒಂದು ಸೇವೆ, ಅದಕ್ಕೂ ಬೆಲೆ ಇದೆ. ಬ್ಯಾಂಕು ಇದೆಯಲ್ಲ ಅನ್ನಬಹುದು. ಅವ್ವನಿಗೆ ಖಾತೆ ಇದೆ. ಆದರೆ ದಿನಾ 20 ರೂಪಾಯಿ ಕಟ್ಟಲು ಕೆಲಸದ ಹೊತ್ತಿನಲ್ಲಿ ಬ್ಯಾಂಕಿನ ಸಾಲಿನಲ್ಲಿ ನಿಂತರೆ ಆ ಹೊತ್ತಿನ ಕೂಲಿ ಯಾರು ಕೊಡುತ್ತಾರೆ?

ಇನ್ನು ಸಾಲ. ಚೆನ್ನೈನ ಹಣ್ಣು-ತರಕಾರಿ ಮಾರುವ ಹೆಂಗಸರು ಬೆಳಿಗ್ಗೆ 1,000 ರೂಪಾಯಿ ಸಾಲ ಪಡೆದು ಮಾಲು ಕೊಂಡು, ಸಂಜೆ ಸುಮಾರು 1,050 ಹಿಂದಿರುಗಿಸುತ್ತಾರೆಂದು ಅರ್ಥಶಾಸ್ತ್ರಜ್ಞರು ದಾಖಲಿಸಿದ್ದಾರೆ. ದಿನಕ್ಕೆ ನೂರಕ್ಕೆ ಐದು! ವರ್ಷದ ಲೆಕ್ಕ ಹಾಕಲು ಹೋದರೆ ನನ್ನ ಕ್ಯಾಲ್ಕುಲೇಟರಿನಲ್ಲಿ ಅಂಕೆ ಹಿಡಿಸುವುದಿಲ್ಲ. ಆ ಹೆಂಗಸು ದಿನಕ್ಕೆ 5 ರೂಪಾಯಿ, ಅಂದರೆ ಒಂದು ಸಣ್ಣ ಟೀಯ ಹಣ ಉಳಿಸಿ, ನಾಳೆ 995 ಮಾತ್ರ ಸಾಲ ಪಡೆದು, ಉಳಿದ ಬಡ್ಡಿಯನ್ನೂ ಸೇರಿಸುತ್ತ ಹೋದರೆ ಎಷ್ಟು ದಿನಕ್ಕೆ ಸಾಲ ತೀರುತ್ತದೆ? ಚಕ್ರಬಡ್ಡಿಯ ಸೂತ್ರ ಹಾಕಿ ನಾನೇ ಕೂತು ಲೆಕ್ಕ ಮಾಡಿದೆ. ಸರಿಸುಮಾರು 50 ದಿನ. ಎರಡು ತಿಂಗಳೂ ಬೇಡ. ನನಗೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ, ಲೋಕದ ಬಡತನವನ್ನೆಲ್ಲ ಟೀ ಬಿಡಿಸಿ ತೀರಿಸಿಬಿಟ್ಟಂತೆ ಸಂತೋಷ.

ಆದರೆ ಈ ಪ್ರಯೋಗವನ್ನು ಬೇರೆಯವರು ಇನ್ನೂ ಸುಲಭವಾಗಿ ಮಾಡಿ ನೋಡಿದ್ದಾರೆ. ಡೀನ್ ಕಾರ್ಲನ್, ಸೆಂಧಿಲ್ ಮುಲ್ಲೈನಾಥನ್ ಮತ್ತು ಬೆಂಜಮಿನ್ ರಾತ್ ಎಂಬವರು ಭಾರತ ಮತ್ತು ಫಿಲಿಪೀನ್ಸ್ ದೇಶಗಳಲ್ಲಿ ಇಂಥ ವ್ಯಾಪಾರಿಗಳ ಸಾಲವನ್ನು ತಾವೇ ತೀರಿಸಿಬಿಟ್ಟರು. ಟೀ ಬಿಡುವುದೂ ಬೇಡ, ಇವತ್ತಿನಿಂದ ನೀನು ಸ್ವತಂತ್ರಳು ಎಂದ ಹಾಗೆ. ಹೆಚ್ಚಿನವರು ಆರು ವಾರದೊಳಗೆ ಮತ್ತೆ ಸಾಲಕ್ಕೆ ಬಂದಿದ್ದರು. ಈ ಫಲಿತಾಂಶ ಓದಿದಾಗ ನನಗೆ ಬೇಸರವಾಯಿತು. ಕ್ಯಾಂಟೀನಿನ ಗೆಳೆಯ ಹೇಳಿದ್ದೇ ಸರಿಯೇನೋ ಅನ್ನಿಸಿತು.

ಅವ್ವನಿಗೆ ನನ್ನ 50 ದಿನದ ಲೆಕ್ಕ ಹೇಳಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: "ಐವತ್ತು ದಿನದಾಗ ಒಂದು ದಿನಾನೂ ಮಳಿ ಬರಂಗಿಲ್ಲೇನು?" ನನ್ನ ಸೂತ್ರದಲ್ಲಿ ಮಳೆ ಇರಲಿಲ್ಲ. ಒಂದು ದಿನ ಮಾಲು ಕೊಳೆತರೆ, ಒಂದು ದಿನ ಮನೆಯಲ್ಲಿ ಯಾರಾದರೂ ಮಲಗಿದರೆ, ನಲವತ್ತು ದಿನ ಕೂಡಿಸಿದ್ದು ಆ ಒಂದೇ ದಿನಕ್ಕೆ ಹೋಗುತ್ತದೆ. ಸಾಲ ತೀರಿಸಿಕೊಟ್ಟವರು ಹಳೆಯ ಸಾಲವನ್ನು ತೀರಿಸಿದರು. ನಾಳೆ ಬರುವ ಮಳೆಯನ್ನು ಅವರೂ ತಡೆಯಲಾರರು. ಇದು ಅವ್ವನ ವಿವರಣೆ. ಆಸೆ ತಡೆಯಲಾರದ ಮನುಷ್ಯ ಸ್ವಭಾವವೂ ಇದರಲ್ಲಿ ಇಲ್ಲ ಅಂತ ನಾನು ಹೇಳುವುದಿಲ್ಲ. ಆ ಸ್ವಭಾವ ಎಲ್ಲರಲ್ಲೂ ಇದೆ. ಸಂಬಳದಾರನ ಆಸೆಗೆ ಭವಿಷ್ಯನಿಧಿಯ ಕಡಿತ ಎಂಬ ಕಡಿವಾಣವನ್ನು ಬೇರೆಯವರೇ ಹಾಕಿಕೊಡುತ್ತಾರೆ, ಅವ್ವ ತಾನೇ ಹಾಕಿಕೊಳ್ಳಬೇಕು, ವ್ಯತ್ಯಾಸ ಅಷ್ಟೇ.

ಈಗ ನಮ್ಮ ಊರಿನ ವಿಷಯಕ್ಕೆ ಬರುತ್ತೇನೆ. 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ, ಮೈಕೆಲ್ ಕ್ರೆಮರ್ ಮೂವರ ಹೆಸರು ಕೇಳಿದ್ದೀರಿ. ಅವರಲ್ಲಿ ಮೊದಲಿಬ್ಬರು ರಾಚೆಲ್ ಗ್ಲೆನರ್‌ಸ್ಟರ್, ಸಿಂಥಿಯಾ ಕಿನ್ನನ್ ಜೊತೆ ಸೇರಿ ಮಾಡಿದ ಒಂದು ದೊಡ್ಡ ಪ್ರಯೋಗ ನಡೆದದ್ದು ಇದೇ ಹೈದರಾಬಾದಿನ ಬಡ ಬಸ್ತಿಗಳಲ್ಲಿ. ಈ ಊರಿನಲ್ಲೇ ಓದುವ ನಮಗೆ ಯಾವ ತರಗತಿಯಲ್ಲೂ ಇದನ್ನು ಯಾರೂ ಹೇಳಲಿಲ್ಲ.

ಪ್ರಯೋಗ ಹೀಗಿತ್ತು. ಸ್ಪಂದನ ಎಂಬ ಕಿರುಸಾಲ ಸಂಸ್ಥೆ ನಗರದಲ್ಲಿ ಶಾಖೆ ತೆರೆಯಲು ಹೊರಟಿತ್ತು. ಸಂಶೋಧಕರು 104 ಬಸ್ತಿಗಳನ್ನು ಪಟ್ಟಿ ಮಾಡಿ, ಚೀಟಿ ಎತ್ತಿದ ಹಾಗೆ 52ನ್ನು ಆರಿಸಿದರು. ಅಲ್ಲಿ ಮೊದಲು ಶಾಖೆ ತೆರೆಯಬೇಕು, ಉಳಿದ 52ರಲ್ಲಿ ಆಮೇಲೆ. ಚೀಟಿ ಯಾಕೆ ಎತ್ತಬೇಕು? ಸಂಸ್ಥೆಯವರೇ ಆರಿಸಿದರೆ ಮುಂದೆ ಬರುವ ಲಕ್ಷಣವಿರುವ ಬಸ್ತಿಗೇ ಹೋಗುತ್ತಾರೆ. ಆಮೇಲೆ ಆ ಬಸ್ತಿ ಮುಂದೆ ಬಂದರೆ ಅದು ಸಾಲದಿಂದಲೋ, ತನ್ನಷ್ಟಕ್ಕೇ ಬಂದದ್ದೋ ತಿಳಿಯುವುದಿಲ್ಲ. ಚೀಟಿಯಿಂದ ಆರಿಸಿದರೆ ಎರಡು ಗುಂಪೂ ಹೆಚ್ಚುಕಡಿಮೆ ಒಂದೇ ಥರ, ಆಮೇಲಿನ ವ್ಯತ್ಯಾಸ ಶಾಖೆ ಬಂದುದರಿಂದ ಎಂದು ಧೈರ್ಯವಾಗಿ ಹೇಳಬಹುದು.

ಸಾಲದ ನಿಯಮ: ಆರರಿಂದ ಹತ್ತು ಹೆಂಗಸರ ಗುಂಪು, ಒಬ್ಬರಿಗೊಬ್ಬರು ಜಾಮೀನು. ಮೊದಲ ಸಾಲ 10,000 ರೂಪಾಯಿ, 50 ವಾರದ ಕಂತು. ಬಡ್ಡಿ ನೂರಕ್ಕೆ 12. ಇಲ್ಲಿ ಒಂದು ನಿಮಿಷ ನಿಲ್ಲಿ. 10,000ಕ್ಕೆ 1,200 ಸೇರಿಸಿ 50ರಿಂದ ಭಾಗಿಸಿದರೆ ವಾರಕ್ಕೆ 224 ರೂಪಾಯಿ. ಆದರೆ ಅಸಲು ವಾರವಾರ ಇಳಿಯುತ್ತಿರುತ್ತದೆ, ವರ್ಷದಲ್ಲಿ ನಮ್ಮ ಬಳಿ ಇರುವ ಸಾಲ ಸರಾಸರಿ ಅರ್ಧವೇ. ಹಾಗಾಗಿ ನಿಜವಾದ ಬಡ್ಡಿ ಸುಮಾರು 24. ಇದನ್ನು ಕೇಳಿ ಬೆಚ್ಚಿಬೀಳುವ ಮುಂಚೆ, ಆ ಬಸ್ತಿಗಳಲ್ಲಿ ಆಗಲೇ ಇದ್ದ ಸಾಲಗಳ ಬಡ್ಡಿ ಸರಾಸರಿ ತಿಂಗಳಿಗೆ 3.85 ಎಂಬುದನ್ನೂ ನೋಡಬೇಕು. ವರ್ಷಕ್ಕೆ 46 ಆಯಿತು.

ಒಂದೂಕಾಲು, ಒಂದೂವರೆ ವರ್ಷದ ನಂತರ 6,800ಕ್ಕೂ ಹೆಚ್ಚು ಮನೆಗಳನ್ನು ವಿಚಾರಿಸಿದರು. ಮೊದಲ ಆಶ್ಚರ್ಯ, ಇಷ್ಟು ಅಗ್ಗದ ಸಾಲ ಬಾಗಿಲಿಗೆ ಬಂದರೂ ಎಲ್ಲರೂ ಮುಗಿಬೀಳಲಿಲ್ಲ. ಶಾಖೆ ಬಾರದ ಬಸ್ತಿಗಳಲ್ಲಿ ನೂರಕ್ಕೆ 18 ಮನೆಯವರು ಎಲ್ಲಿಂದಲೋ ಕಿರುಸಾಲ ಪಡೆದಿದ್ದರೆ, ಶಾಖೆ ಬಂದಲ್ಲಿ 27. ಎರಡನೆಯದು, ಮನೆಯ ಒಟ್ಟು ಖರ್ಚು, ಅಂದರೆ ಜೀವನಮಟ್ಟ, ಸರಾಸರಿಯಲ್ಲಿ ಏರಲಿಲ್ಲ. ಮಕ್ಕಳ ಓದು, ಆರೋಗ್ಯ, ಮನೆಯಲ್ಲಿ ಹೆಂಗಸಿನ ಮಾತಿಗೆ ಬೆಲೆ, ಇವುಗಳಲ್ಲೂ ಕಾಣುವಂಥ ಬದಲಾವಣೆ ಇಲ್ಲ. ಬಡತನ ನಿರ್ಮೂಲನದ ಮಂತ್ರದಂಡ ಎಂದು ಭಾಷಣ ಮಾಡಿದವರಿಗೆ ಇದು ಪೆಟ್ಟು. ಮೂರನೆಯದು ನನಗೆ ಮುಖ್ಯ. ಖರ್ಚಿನ ಮೊತ್ತ ಬದಲಾಗದಿದ್ದರೂ ಖರ್ಚಿನ ರೀತಿ ಬದಲಾಯಿತು. ಬಹುಕಾಲ ಬಾಳುವ ವಸ್ತುಗಳಿಗೆ ಹೆಚ್ಚು ಹಣ ಹೋಯಿತು; ಟೀ, ಬೀದಿ ತಿಂಡಿ, ತಂಬಾಕು, ಕುಡಿತ, ಹಬ್ಬ, ಇವುಗಳ ಖರ್ಚು ಇಳಿಯಿತು. ಅಂದರೆ ಕಂತು ಕಟ್ಟಲು ಜನ ತಾವಾಗಿಯೇ ಟೀ ಬಿಟ್ಟರು. ದೊಡ್ಡದೊಂದು ವಸ್ತು ಕಣ್ಣೆದುರು ಕಂಡಾಗ ಬಿಟ್ಟರು, ಬರಿಯ ಉಪದೇಶಕ್ಕೆ ಬಿಡಲಿಲ್ಲ.

ಆರು ವರ್ಷದ ನಂತರ ಮತ್ತೆ ನೋಡಿದಾಗ ಇನ್ನೊಂದು ಸಂಗತಿ ಹೊರಬಂತು. ಶಾಖೆ ಬರುವ ಮುಂಚೆಯೇ ಸಣ್ಣದಾಗಿ ಅಂಗಡಿ, ಹೊಲಿಗೆ ಎಂದು ಏನಾದರೂ ನಡೆಸುತ್ತಿದ್ದವರಿಗೆ ಈ ಸಾಲದಿಂದ ವ್ಯಾಪಾರ ಬೆಳೆದಿತ್ತು, ಬೆಳೆದದ್ದು ಉಳಿದಿತ್ತು. ಸಾಲ ಬಂತೆಂದು ಹೊಸದಾಗಿ ಶುರು ಮಾಡಿದವರಿಗೆ ಹಾಗಾಗಲಿಲ್ಲ. ಎಲ್ಲ ಬಡವರೂ ಅಂಗಡಿ ಇಡಬೇಕೆಂದು ಬಯಸುತ್ತಾರೆ ಎಂಬುದು ಸಾಲ ಕೊಡುವವರ ಕಲ್ಪನೆ. ಅಪ್ಪನನ್ನು ಕೇಳಿದರೆ ಅವನಿಗೆ ಬೇಕಾದದ್ದು ತಿಂಗಳಿಗೆ 25 ದಿನ ಕೆಲಸ, ಅಷ್ಟೇ.

ಈ ವರದಿ ಓದುವಾಗ ನನ್ನನ್ನು ನಿಲ್ಲಿಸಿದ ಒಂದು ವಾಕ್ಯ ಬೇರೆ ಇದೆ. ಬಸ್ತಿಗಳನ್ನು ಪಟ್ಟಿ ಮಾಡುವಾಗ ಕಟ್ಟಡ ಕೂಲಿಗಳು ಹೆಚ್ಚಿರುವ ಕಡೆಗಳನ್ನು ಬಿಟ್ಟಿದ್ದರಂತೆ. ಕಾರಣ, ಅವರು ಒಂದು ಕಡೆ ನಿಲ್ಲುವವರಲ್ಲ, ಸಾಲ ಕೊಡಲು ಯೋಗ್ಯರಲ್ಲ. ಅಂದರೆ ನಮ್ಮಂಥವರ ಬೀದಿ ಆ 104ರೊಳಗೆ ಬರುವ ಹಾಗೇ ಇರಲಿಲ್ಲ. ಸಂಸ್ಥೆಯ ದೃಷ್ಟಿಯಲ್ಲಿ ಇದು ಸರಿಯಾದ ವ್ಯವಹಾರವೇ, ನಾನು ತಪ್ಪು ಹುಡುಕುತ್ತಿಲ್ಲ. ಆದರೂ ಹೈದರಾಬಾದಿನ ಗೋಡೆ ಕಟ್ಟಿದವರು ಹೈದರಾಬಾದಿನ ಲೆಕ್ಕದಿಂದ ಹೊರಗೆ ಎಂಬುದು ಮನಸ್ಸಿನಲ್ಲಿ ಉಳಿಯಿತು.

ಮುಂದಿನ ಕಥೆ ಹಿರಿಯರಿಗೆ ನೆನಪಿದೆ. ಕಿರುಸಾಲ ಸಂಸ್ಥೆಗಳು ಪೈಪೋಟಿಯಿಂದ ಒಬ್ಬರಿಗೇ ಮೂರು ನಾಲ್ಕು ಸಾಲ ಕೊಟ್ಟವು. ವಸೂಲಿಯ ಕಿರುಕುಳ, ಆತ್ಮಹತ್ಯೆಗಳ ಸುದ್ದಿ ಬಂತು. 2010ರ ಅಕ್ಟೋಬರ್‌ನಲ್ಲಿ ಅಂದಿನ ಆಂಧ್ರಪ್ರದೇಶ ಸರ್ಕಾರ ಸುಗ್ರೀವಾಜ್ಞೆ ತಂದು ಮನೆಬಾಗಿಲಿನ ವಾರದ ವಸೂಲಿ ನಿಲ್ಲಿಸಿತು. ಜನ ಕಂತು ಕಟ್ಟುವುದು ಹೆಚ್ಚುಕಡಿಮೆ ನಿಂತೇಹೋಯಿತು, ಹೊಸ ಸಾಲವೂ ನಿಂತಿತು. ಒಳ್ಳೆಯದೇ ಆಯಿತು ಅನ್ನಿಸುತ್ತದೆ ಅಲ್ಲವೇ? ಎಮಿಲಿ ಬ್ರೆಜಾ ಮತ್ತು ಸಿಂಥಿಯಾ ಕಿನ್ನನ್ 2021ರಲ್ಲಿ ಪ್ರಕಟಿಸಿದ ಅಧ್ಯಯನ ಇದರ ಇನ್ನೊಂದು ಮುಖ ತೋರಿಸಿತು. ಆಂಧ್ರದಲ್ಲಿ ಕೈ ಸುಟ್ಟುಕೊಂಡ ಸಂಸ್ಥೆಗಳು ಬೇರೆ ರಾಜ್ಯಗಳಲ್ಲೂ ಸಾಲ ಕಡಿಮೆ ಮಾಡಿದವು. ಹಾಗಾದ ಜಿಲ್ಲೆಗಳಲ್ಲಿ ದಿನಗೂಲಿಯ ದರ ಇಳಿಯಿತು, ಮನೆಗಳ ಖರ್ಚೂ ಇಳಿಯಿತು. ಸಾಲ ಪಡೆದವಳು ಅದರಿಂದ ಒಂದು ಕೋಣೆ ಕಟ್ಟಿಸಿದರೆ ಕೂಲಿ ಸಿಗುವುದು ಸಾಲವನ್ನೇ ಪಡೆಯದ ಗಾರೆಯವನಿಗೆ. ಒಂದೊಂದು ಮನೆಯನ್ನೇ ನೋಡಿದರೆ ಈ ಎಳೆ ಕಾಣುವುದಿಲ್ಲ. ಬಾರದಿದ್ದಾಗ ಹೆಚ್ಚೇನೂ ನಷ್ಟವಿಲ್ಲದ ಸಾಲ, ಬಂದು ಒಮ್ಮೆಲೇ ಹೋದಾಗ ಮನೆ ಮುರಿಯುತ್ತದೆ. ಕರ್ನಾಟಕದಲ್ಲೂ ಇದೇ ಕಿರುಕುಳದ ದೂರುಗಳು ಎದ್ದು, 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಬಂತು. ಊರಿನಿಂದ ಫೋನು ಬಂದಾಗೆಲ್ಲ ಆಗ ಇದೇ ಮಾತು.

ನಮ್ಮ ಮನೆಗೂ ಗುಂಪಿನ ಸಾಲ ಬಂತು, ಎರಡು ವರ್ಷದ ಹಿಂದೆ. ಸಂಸ್ಥೆಯ ಹೆಸರು ಬೇಡ. ಅಪ್ಪ ಸಾರುವೆಯಿಂದ ಬಿದ್ದು ಕಾಲು ಮುರಿದುಕೊಂಡ ಸಮಯ. ಅರ್ಜಿಯಲ್ಲಿ "ಸಾಲದ ಉದ್ದೇಶ" ಎಂಬ ಜಾಗದಲ್ಲಿ ಹೊಲಿಗೆ ಯಂತ್ರ ಎಂದು ಬರೆದವನು ನಾನೇ, ಅವ್ವನ ಪರವಾಗಿ. ಬಂದದ್ದು 40,000. ಎರಡು ವರ್ಷ, ತಿಂಗಳ ಕಂತು 2,100ರ ಆಸುಪಾಸು. ನಮ್ಮ ಮನೆಯಲ್ಲಿ ಈವತ್ತಿಗೂ ಹೊಲಿಗೆ ಯಂತ್ರ ಇಲ್ಲ. ಹಣ ಆಸ್ಪತ್ರೆಗೆ ಹೋಯಿತು, ಉಳಿದದ್ದು ನನ್ನ ಡಿಗ್ರಿ ಫೀಸಿಗೆ. ಇದು ಸುಳ್ಳು ಹೇಳಿ ಸಾಲ ಪಡೆದದ್ದು ಅಂತ ಒಪ್ಪುತ್ತೇನೆ. ಆದರೆ ಉದ್ದೇಶದ ಜಾಗದಲ್ಲಿ "ಗಂಡನ ಕಾಲು" ಎಂದು ಬರೆದರೆ ಯಾರು ಕೊಡುತ್ತಿದ್ದರು?

2022ರಲ್ಲಿ ರಿಸರ್ವ್ ಬ್ಯಾಂಕು ಒಂದು ಒಳ್ಳೆಯ ನಿಯಮ ತಂದಿದೆ. ಒಂದು ಮನೆ ತಿಂಗಳಿಗೆ ಕಟ್ಟುವ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ಉದ್ದೇಶ ಸರಿಯೇ. ಆದರೆ ಯಾವ ತಿಂಗಳ ಆದಾಯ? ನನ್ನ ನೋಟ್‌ಬುಕ್ಕಿನ ನವೆಂಬರ್‌ನದೋ, ಜುಲೈನದೋ? ಅರ್ಜಿಯಲ್ಲಿ ಒಂದೇ ಚೌಕ ಇರುತ್ತದೆ.

ಇನ್ನು ಟಿ.ವಿ.ಯ ವಿಷಯ, ಮರೆತಿಲ್ಲ. ಜುಲೈನಲ್ಲಿ 9 ದಿನ ಕೆಲಸ ಅಂದೆನಲ್ಲ, ಉಳಿದ 22 ದಿನ ಅಪ್ಪ ಎಲ್ಲಿ ಕೂರಬೇಕು? ಮೊದಲೆಲ್ಲ ಕಲ್ಲಿನಂಗಡಿಯಲ್ಲಿ ಕೂರುತ್ತಿದ್ದ. ಒಬ್ಬ ಮನೆ ಖಾಲಿ ಮಾಡುವಾಗ ಅರ್ಧ ಬೆಲೆಗೆ ಟಿ.ವಿ. ಮಾರಿದ; ಅವ್ವ ಚೀಟಿ ಎತ್ತಿ ಕೊಂಡಳು. ಈಗ ಮಳೆಯ ದಿನ ಅಪ್ಪ ಮನೆಯಲ್ಲಿರುತ್ತಾನೆ. ಕಲ್ಲಿನ ಖರ್ಚು ಎಷ್ಟು ಇಳಿಯಿತು ಅಂತ ಅವ್ವನಿಗೆ ರೂಪಾಯಿ ಲೆಕ್ಕದಲ್ಲಿ ಗೊತ್ತು, ನನಗೆ ಹೇಳುವುದಿಲ್ಲ. ಹಾಗೆಂದು ಎಲ್ಲ ಖರ್ಚಿಗೂ ಇಂಥ ಕಾರಣ ಇರಲೇಬೇಕು ಅಂತಿಲ್ಲ. ಬ್ಯಾನರ್ಜಿ-ಡುಫ್ಲೊ ರಾಜಸ್ಥಾನದ ಉದಯಪುರದಲ್ಲಿ ನೋಡಿದಾಗ ಕಡುಬಡವರೂ ಖರ್ಚಿನ ಹತ್ತರಲ್ಲಿ ಒಂದು ಪಾಲನ್ನು ಹಬ್ಬಹರಿದಿನಗಳಿಗೆ ಇಡುತ್ತಿದ್ದರು. ಚೀನಾದ ಹುನಾನ್ ಪ್ರಾಂತ್ಯದಲ್ಲಿ ಬಡವರಿಗೆ ಅಕ್ಕಿ ಅಗ್ಗ ಮಾಡಿಕೊಟ್ಟು ನೋಡಿದಾಗ ಅವರು ಅಕ್ಕಿಯನ್ನು ಹೆಚ್ಚು ಕೊಳ್ಳಲಿಲ್ಲ, ಕಡಿಮೆ ಕೊಂಡು ರುಚಿಯಾದ ಬೇರೆ ಪದಾರ್ಥ ತಿಂದರು. 2008ರಲ್ಲಿ ಪ್ರಕಟವಾದ ಈ ಅಧ್ಯಯನವೇ ನಮ್ಮ ಪಠ್ಯದ ಗಿಫೆನ್ ಸರಕಿಗೆ ಸಿಕ್ಕ ಗಟ್ಟಿ ಸಾಕ್ಷಿ. ಬಡವನಿಗೂ ನಾಲಿಗೆ ಇದೆ, ಬೇಸರ ಇದೆ. ಇದಕ್ಕೆ ಅವನು ಯಾರ ಒಪ್ಪಿಗೆ ಪಡೆಯಬೇಕು?

ಇಷ್ಟು ಹೊಗಳಿದ ಮೇಲೆ ಒಂದು ತಕರಾರೂ ಇದೆ. ಚೀಟಿ ಎತ್ತಿ ಮಾಡುವ ಪ್ರಯೋಗಗಳು ಮನೆಯೊಳಗಿನ ನಿರ್ಧಾರವನ್ನು ಚೆನ್ನಾಗಿ ಬಿಡಿಸಿ ತೋರಿಸುತ್ತವೆ. ಆ ಮನೆ ಯಾದಗಿರಿಯಿಂದ ಉಪ್ಪಲ್‌ಗೆ ಯಾಕೆ ಬಂತು ಎಂಬುದನ್ನು ತೋರಿಸುವುದಿಲ್ಲ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕರ್ನಾಟಕದ ಅತ್ಯಂತ ಹಿಂದುಳಿದ ತಾಲ್ಲೂಕುಗಳೆಂದು 39ನ್ನು ಗುರುತಿಸಿತು. ಅದರಲ್ಲಿ 21 ನಮ್ಮ ಗುಲಬರ್ಗಾ ವಿಭಾಗದವೇ. ನೀರಾವರಿ, ಶಾಲೆ, ರಸ್ತೆಗಳ ಆ ಲೆಕ್ಕಕ್ಕೂ ಅವ್ವನ ಏಳು ಖಾತೆಗಳಿಗೂ ಸಂಬಂಧವಿದೆ. ಆದರೆ ಅದನ್ನು 104 ಬಸ್ತಿಗಳಲ್ಲಿ ಚೀಟಿ ಎತ್ತಿ ಕಂಡುಹಿಡಿಯಲಾಗದು.

ಕೊನೆಗೆ ಬರೆಯಲು ಹಿಂಜರಿದ ವಿಷಯ. ಅಪ್ಪ ಬಿದ್ದ ವರ್ಷವೇ ನನ್ನ ಇಂಟರ್ ಮುಗಿಯಿತು, ತಂಗಿಯ ಹತ್ತನೇ ತರಗತಿಯೂ ಮುಗಿಯಿತು. ಇಬ್ಬರಿಗೂ ಸಾಲುವಷ್ಟು ಹಣ ಇರಲಿಲ್ಲ. ಅವ್ವ ಅಂದಳು: "ಇಬ್ಬರನ್ನೂ ನಡಕ ನಿಲ್ಸೋದಕ್ಕಿಂತ ಒಬ್ಬನ್ನಾರ ದಂಡಿಗೆ ಮುಟ್ಸೋಣ." ತಂಗಿ ಬಟ್ಟೆ ಅಂಗಡಿಗೆ ಸೇರಿದಳು, ತಿಂಗಳಿಗೆ 9,000. ನಾನು ಬಿ.ಕಾಂ. ಸೇರಿದೆ.

ಬ್ಯಾನರ್ಜಿ ಮತ್ತು ಡುಫ್ಲೊ 2011ರ ತಮ್ಮ ಪುಸ್ತಕದಲ್ಲಿ ಇದೇ ತರ್ಕವನ್ನು ವಿವರಿಸಿದ್ದಾರೆ. ಬಡ ತಂದೆತಾಯಿಗಳ ಕಣ್ಣಲ್ಲಿ ಓದಿನ ಫಲ ಎಂದರೆ ಕೊನೆಯಲ್ಲಿ ಸಿಗುವ ನೌಕರಿ. ಮೊದಲ ವರ್ಷಗಳಿಗೆ ಫಲ ಕಡಿಮೆ, ಕೊನೆಯ ವರ್ಷಗಳಿಗೆ ಬಹಳ. ಆಗ ಇದ್ದ ಹಣವನ್ನೆಲ್ಲ ಒಂದು ಮಗುವಿನ ಮೇಲೆ ಹಾಕುವುದೇ ಜಾಣತನ, ಲಾಟರಿ ಟಿಕೀಟಿನ ಹಾಗೆ. ಆದರೆ ವಾಸ್ತವದಲ್ಲಿ ಓದಿದ ಪ್ರತಿ ವರ್ಷಕ್ಕೂ ಹೆಚ್ಚುಕಡಿಮೆ ಸಮನಾಗಿಯೇ ಗಳಿಕೆ ಏರುತ್ತದೆಂದು ಅವರ ವಾದ. ಅಂದರೆ ತಂಗಿಯ ಎರಡು ವರ್ಷಕ್ಕೂ ನನ್ನ ಎರಡು ವರ್ಷದಷ್ಟೇ ಬೆಲೆ ಇತ್ತು. ಅವ್ವನ ಏಳು ಖಾತೆಗಳಲ್ಲಿ ನಾನು ಕಂಡ ತಪ್ಪು ಇದೊಂದೇ, ಆ ತಪ್ಪಿನ ಲಾಭ ಪಡೆದವನೂ ನಾನೇ. ಒಬ್ಬರನ್ನೇ ಆರಿಸಬೇಕೆಂದಾದರೂ ಆ ಒಬ್ಬರು ಗಂಡುಮಗನೇ ಯಾಕೆ ಎಂಬುದಕ್ಕೆ ಯಾವ ವಕ್ರರೇಖೆಯಲ್ಲೂ ಉತ್ತರವಿಲ್ಲ. ಪಠ್ಯಪುಸ್ತಕ ಕುಟುಂಬ ಎಂದರೆ ಒಬ್ಬನೇ ಅನುಭೋಗಿ ಎನ್ನುವಂತೆ ಬರೆಯುತ್ತದೆ. ಮನೆಯೊಳಗೂ ಜಗಳ, ಒಪ್ಪಂದ, ಬಾಯಿಲ್ಲದವರು ಇದ್ದಾರೆಂದು ಅಮರ್ತ್ಯ ಸೇನ್ ಮೊದಲಾದವರು ಬಹಳ ಹಿಂದೆಯೇ ಹೇಳಿದ್ದರೂ ನಮ್ಮ ಸಿಲಬಸ್ಸಿಗೆ ಅದು ಇನ್ನೂ ಬಂದಿಲ್ಲ.

ಈ ಲೇಖನದ ಕರಡನ್ನು ತಂಗಿ ಓದಿದಳು. ನೋಟ್‌ಬುಕ್ಕನ್ನೂ ತಿರುವಿಹಾಕಿ ಕೇಳಿದಳು: "ನನ್ನ ಸಂಬಳ ಜಮಾ ಕಡೆ ಬರದೀಯಲ್ಲ, ನಾನು ಸಾಲಿ ಬಿಟ್ಟಿದ್ದು ಯಾವ ಕಡೆ ಬರದಿ?" ಅವಕಾಶ ವೆಚ್ಚದ ಮೇಲೆ ಐದು ಅಂಕದ ಉತ್ತರ ನನಗೆ ಬಾಯಿಪಾಠ ಬರುತ್ತದೆ. ನೋಟ್‌ಬುಕ್ಕಿನಲ್ಲಿ ಮಾತ್ರ ಅದಕ್ಕೆ ಕಾಲಂ ಹಾಕಿರಲಿಲ್ಲ.

ತೆಲಂಗಾಣ ಓಪನ್ ಸ್ಕೂಲಿನ ಇಂಟರ್ ಅರ್ಜಿಯ ಬಗ್ಗೆ ವಿಚಾರಿಸಿಕೊಂಡು ಬಂದಿದ್ದೇನೆ. ಗುಂಪಿನ ಸಾಲಕ್ಕೆ ಇನ್ನೆರಡು ಕಂತು ಬಾಕಿ ಇದೆ. ಚೀಟಿ ಈ ಸಲ ಎತ್ತಲೋ ಮುಂದಿನ ಸಲವೋ ಎಂದು ಅವ್ವ ಯೋಚಿಸುತ್ತಿದ್ದಾಳೆ. ಪರೀಕ್ಷೆಯ ದಿನಗಳಲ್ಲಿ ಅಂಗಡಿಯವರು ರಜೆ ಕೊಡುತ್ತಾರೋ, ಸಂಬಳ ಹಿಡಿಯುತ್ತಾರೋ, ಅದನ್ನು ತಂಗಿಯೇ ಕೇಳಿ ಬರುತ್ತೇನೆ ಅಂದಿದ್ದಾಳೆ.